ಸುಟ್ಟ ಗುರುತಿನ ಕೆಳಗೆ

ದುಮ್ಕಾ,
ಆಸ್ಪತ್ರೆಯ ಹೆಣ್ಣುಮಕ್ಕಳ ಹಾಸ್ಟೆಲ್,
ಆಗಸ್ಟ್ ೨, ಶನಿವಾರ

ಪ್ರೀತಿಯ ಬಾಬಾ,

ಜೋಹಾರ್. ನಿಮ್ಮ ಎದೆ ಹೇಗಿದೆ, ಕೆಮ್ಮು ಇಳಿಯಿತೇ? ರಸ್ತೆ ಕೆಲಸದ ಆ ಎತ್ತರದಲ್ಲಿ ಮೊದಮೊದಲು ಉಸಿರು ಸಿಗುವುದಿಲ್ಲ, ಆಮೇಲೆ ಒಗ್ಗಿಹೋಗುತ್ತದೆ ಎಂದು ಆಯೋ ಪ್ರತಿ ವರ್ಷ ತನ್ನ ಮಕ್ಕಳಾದ ನಮಗೆ ಹೇಳುತ್ತಾಳೆ, ಹೇಳಿ ತಾನು ಮಾತ್ರ ನಂಬುವುದಿಲ್ಲ. ನೀವು ಲೇಹ್ ಪೇಟೆಗೆ ಇಳಿದಾಗ ಮಾಡಿದ ಫೋನಿನಲ್ಲಿ ನನಗೆ ಮಾತಿಗಿಂತ ಕೆಮ್ಮೇ ಜಾಸ್ತಿ ಕೇಳಿಸಿತು. ಕೇಳಿದರೆ, “ಇಲ್ಲಿ ಕೆಮ್ಮದೇ ಇರೋನ್ನ ಕೆಲಸ ಮಾಡಿಸೋ ಮೇಟ್ ಅನುಮಾನದಿಂದ ನೋಡ್ತಾನೆ, ಇವನು ಡಾಂಬರಿನ ಹತ್ರ ನಿಂತೇ ಇಲ್ಲ ಅಂತ” ಎಂದು ನಕ್ಕಿರಿ. ನನಗೆ ನಗು ಬರಲಿಲ್ಲ. ಡಾಂಬರು ಕಾಯಿಸುವ ಕಡೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ತುಟಿಗೆ ಸಾಸಿವೆ ಎಣ್ಣೆ ಹಚ್ಚುತ್ತಿದ್ದೀರಾ? ಕಾಲಿಗೆ ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ. ಒಂದು ಜೊತೆಯನ್ನು ಯಾರಿಗಾದರೂ ಕೊಟ್ಟುಬಿಟ್ಟಿರುತ್ತೀರಿ ಎಂದು ನನಗೆ ಗೊತ್ತು, ಆದರೂ ಬರೆಯುತ್ತಿದ್ದೇನೆ.

ಇದನ್ನು ಮಂಗಲ್ ಕಾಕಾನ ಕೈಯಲ್ಲಿ ಕಳಿಸುತ್ತೇನೆ. ಊರಿಂದ ಎರಡನೇ ತಂಡ ಹೊರಡುತ್ತಿದೆಯಂತೆ, ಅವರೂ ಅದರಲ್ಲಿ ಬರುತ್ತಿದ್ದಾರೆ. ಒಂದು ಮಾತು, ಬಾಬಾ. ಇದನ್ನು ನೀವೇ ಓದಿ. ಡೇರೆಯಲ್ಲಿ ಇನ್ನೊಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಬೇಡಿ. ನಿಮಗೆ ಕೂಡಿಸಿಕೊಂಡು ಓದಲು ಸುಲಭವಾಗಲೆಂದು ಅಕ್ಷರಗಳನ್ನು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ತಡವಾದರೂ ಪರವಾಗಿಲ್ಲ, ಸ್ವಲ್ಪ ಸ್ವಲ್ಪವೇ ಓದಿ.

ಈ ಪತ್ರವನ್ನು ಮೊದಲು ಶುರುಮಾಡಿದ್ದು ಶಾಲೆಯ ಹಾಸ್ಟೆಲ್ಲಿನಲ್ಲಿ ಸಿಸ್ಟರ್ ಕಲಿಸಿದ ಇಂಗ್ಲಿಷ್ ಪತ್ರದ ಹಾಗೆ: ‘ಐ ಆಮ್ ಫೈನ್ ಹಿಯರ್.’ ಅಷ್ಟು ಬರೆದ ಮೇಲೆ ಮುಂದೆ ಬರೆಯಲು ಏನೂ ಉಳಿಯಲಿಲ್ಲ, ಹರಿದುಹಾಕಿದೆ. ಚಿಕ್ಕವಳಿದ್ದಾಗಲೇ ನನ್ನನ್ನು ಹಾಸ್ಟೆಲ್ಲಿಗೆ ಬಿಟ್ಟಿರಲ್ಲ, ನನಗೆ ಪ್ರಾರ್ಥನೆ ಇಂಗ್ಲಿಷಿನಲ್ಲೇ ಬರುತ್ತದೆ, ಪರೀಕ್ಷೆಯ ಹೆದರಿಕೆಯೂ ಇಂಗ್ಲಿಷಿನಲ್ಲೇ ಬರುತ್ತದೆ. ಮನೆಯ ಸುದ್ದಿ ಬರೆಯಲು ಮನೆಯ ಮಾತು ಬೇಕು, ಅದು ನನಗೆ ಅರ್ಧವೇ ಬರುತ್ತದೆ. ತಪ್ಪಿದ್ದರೆ ಸಾರಿ.

ನನ್ನ ಕಡೆಯದು ಮೊದಲು ಹೇಳಿಬಿಡುತ್ತೇನೆ. ಊಟ ಪರವಾಗಿಲ್ಲ, ಬೇಳೆ ನೀರಾಗಿರುತ್ತದೆ, ಭಾನುವಾರ ಮೊಟ್ಟೆ ಕೊಡುತ್ತಾರೆ. ಲ್ಯಾಬ್ ಕೋರ್ಸಿನ ಮೊದಲ ವರ್ಷದವರಿಗೆ ದೊಡ್ಡ ಕೆಲಸವೇನೂ ಕೊಡುವುದಿಲ್ಲ. ಸ್ಲೈಡ್ ತೊಳೆಯುವುದು, ಚೀಟಿ ಅಂಟಿಸುವುದು, ನಿಂತು ನೋಡುವುದು. ನಾನು ಅದಕ್ಕೂ ಹೆದರುತ್ತೇನೆ. ರೋಗಿಯ ಮೈಯಿಂದ ತೆಗೆದ ಚರ್ಮದ ತುಂಡು ಕೂದಲಿಗಿಂತ ತೆಳ್ಳಗೆ ಆ ಗಾಜಿನ ಮೇಲೆ ಕೂತಿರುತ್ತದೆ, ಜಾರಿದರೆ ಹೋಯಿತು. ಲ್ಯಾಬಿನ ಹಿರಿಯ ಅಶೀಮ್ ದಾ ನನ್ನ ಕೈ ನೋಡಿ, “ಏನಮ್ಮ ಬಾಸ್ಕೆ, ಗಾಜು ನಡುಗ್ತಿದೆಯೋ ನೀನು ನಡುಗ್ತಿದ್ದೀಯೋ? ಇಬ್ಬರಲ್ಲಿ ಒಬ್ಬರನ್ನ ಕೆಳಗಿಡು” ಎನ್ನುತ್ತಾರೆ. ಬೈಯುವುದಿಲ್ಲ, ಒಳ್ಳೆಯವರು.

ಈಗ ತಮ್ಮ ಜಿತ್ರಾಯನ ವಿಷಯ. ಆಯೋ ನಿಮಗೆ ಫೋನಿನಲ್ಲಿ ‘ಕೈಯಲ್ಲಿ ಸ್ವಲ್ಪ ಬೊಕ್ಕೆ’ ಎಂದಷ್ಟೇ ಹೇಳಿದ್ದಾಳಂತೆ. ಅದು ಬೊಕ್ಕೆಯಲ್ಲ, ಬಾಬಾ. ಶಾಲೆ ಶುರುವಾದ ಮೇಲೆ ಆರೋಗ್ಯ ಕೇಂದ್ರದ ನರ್ಸ್ ಮಕ್ಕಳನ್ನು ನೋಡಲು ಬಂದಿದ್ದರು. ಕಣ್ಣು ಮುಚ್ಚಿಸಿ, ಹತ್ತಿಯಿಂದ ಮೈ ಮುಟ್ಟಿ, ಎಲ್ಲಿ ಮುಟ್ಟಿದೆ ತೋರಿಸು ಎನ್ನುವ ಪರೀಕ್ಷೆ ಅದು. ಜಿತ್ರಾಯ್ ಎಲ್ಲ ಕಡೆಯೂ ಸರಿಯಾಗಿ ತೋರಿಸಿದ. ಎಡಗೈಯಲ್ಲಿ, ನೀವು ಸೊಹ್ರಾಯ್ ಹಬ್ಬದಲ್ಲಿ ಹಾಕಿದ ಸಿಕಾದ ಸುಟ್ಟ ಗುರುತುಗಳ ಸುತ್ತ ಮಾತ್ರ ಹತ್ತಿ ಓಡಾಡುತ್ತಿದ್ದರೂ ಅವನು ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ನಿಂತಿದ್ದನಂತೆ. ನರ್ಸ್ ಆಯೋಳನ್ನು ಕರೆಸಿ ನಮ್ಮ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರೆ ಆಯೋಗೆ ಸಿಟ್ಟು ಬಂದುಬಿಟ್ಟಿತು. “ಅದು ಸುಟ್ಟ ಕಲೆ ಕಣಮ್ಮ, ಅಲ್ಲಿ ಹತ್ತಿ ಮುಟ್ಟಿದ್ರೆ ಏನು ಗೊತ್ತಾಗುತ್ತೆ? ನಿನ್ನ ಕೈ ಒಂದ್ಸಲ ಸುಟ್ಕೊಂಡು ನೋಡು” ಎಂದು ಅಂದೇಬಿಟ್ಟಳಂತೆ. ಆಮೇಲೆ ಅವಳೇ ಹೆದರಿ ಅವನನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದಳು. ತಲೆಗೆ ಎಣ್ಣೆ ಮೆತ್ತಿ, ಬೈತಲೆ ತೆಗೆದು, ಮದುವೆಗೆ ಬಂದವನ ಹಾಗೆ ಬಂದಿದ್ದ. ನನ್ನ ಬಿಳಿ ಕೋಟು ನೋಡಿ, “ದಾಯ್, ಇದು ನಿಂದಾ, ಬಾಡಿಗೆದಾ?” ಎಂದು ಕೇಳಿದ. ತೋಳುಗಳು ಅಷ್ಟು ಉದ್ದವಿವೆ, ಅವನ ತಪ್ಪಲ್ಲ.

ನಾನು ಅವನ ಕೈ ನೋಡಿದೆ. ಸುಟ್ಟ ಗುರುತುಗಳು ಒಣಗಿ ದುಂಡಗೆ ಹೊಳೆಯುತ್ತಿವೆ. ಆದರೆ ಅವುಗಳ ಸುತ್ತಲಿನ ಚರ್ಮವೂ ಮಾಸಲಾಗಿದೆ, ಅಂಗೈಯಗಲ. ಅಂಚಿನಲ್ಲಿ ಸ್ವಲ್ಪ ಉಬ್ಬಿದೆ. ಅಲ್ಲಿ ಕೂದಲಿಲ್ಲ, ಬೆವರಿಲ್ಲ. ಆಯೋಳನ್ನು ಕೇಳಿದರೆ, ಹೋದ ವರ್ಷದ ಮಳೆಗಾಲದಲ್ಲೇ ಅಲ್ಲಿ ಒಂದು ನಾಣ್ಯದಷ್ಟು ಬಿಳುಪಿತ್ತು, ಹೊಟ್ಟೆಹುಳದ್ದಿರಬೇಕೆಂದು ಬೇವಿನ ರಸ ಕುಡಿಸಿದ್ದೆ ಎಂದಳು. ನಿಮಗೆ ಇದು ಗೊತ್ತಿರಲಿಲ್ಲ ಎಂದು ನನಗೆ ಗೊತ್ತು. ನೀವು ಆಗಲೂ ಅಲ್ಲೇ ರಸ್ತೆ ಕೆಲಸದಲ್ಲಿ ಇದ್ದಿರಿ.

ಇಲ್ಲಿ ರೋಗ ಹೇಳುವವರು ಮಜುಂದಾರ್ ಮೇಡಂ. ಮೇಡಂ ಅವನನ್ನು ತುಂಬ ಹೊತ್ತು ನೋಡಿದರು. ಮೊಣಕೈಯ ಹಿಂದೆ ಒತ್ತಿ ನೋಡಿದರು, ಬೆರಳುಗಳ ಸಂದಿಯಲ್ಲಿ ಕಾಗದ ಹಿಡಿಸಿ ಎಳೆದು ನೋಡಿದರು. ಕಾಗದವನ್ನು ಸದ್ಯಕ್ಕೆ ಗಟ್ಟಿಯಾಗೇ ಹಿಡಿಯುತ್ತಾನೆ. ಕಿವಿಯ ತುದಿ ಕೊಯ್ದು ತೆಗೆದ ರಸದಲ್ಲಿ ರೋಗಾಣು ಕಾಣಲಿಲ್ಲ. ಸಾಮಾನ್ಯವಾಗಿ ಮಾಸಲು ಮಚ್ಚೆಯಲ್ಲಿ ಸ್ಪರ್ಶ ಹೋಗಿದ್ದರೆ ಅವರು ಇಂಥ ರೋಗವೆಂದು ಅಲ್ಲೇ ಹೇಳಿಬಿಡುತ್ತಾರೆ. ಆದರೆ ಇಲ್ಲಿ ಸುಟ್ಟಿದೆ. ಸುಟ್ಟ ಜಾಗವೂ ಮಾಸುತ್ತದೆ, ಸುಟ್ಟ ಜಾಗಕ್ಕೂ ಸ್ಪರ್ಶ ತಿಳಿಯುವುದಿಲ್ಲ. ಅದಕ್ಕೇ ಕಾಳಿನಷ್ಟು ಚರ್ಮ ಕತ್ತರಿಸಿ ನಮ್ಮ ಲ್ಯಾಬಿಗೆ ಕಳಿಸಿದರು. ಮರಗಟ್ಟಿಸುವ ಸೂಜಿ ಚುಚ್ಚುವ ಮೊದಲೇ ಜಿತ್ರಾಯ್, “ಚುಚ್ಚೋದು ಬೇಡ, ಹಾಗೇ ಕತ್ತರಿಸಿ, ನಂಗೇನೂ ಆಗಲ್ಲ” ಎಂದ. ನರ್ಸುಗಳೆಲ್ಲ ‘ಎಂಥ ಗಟ್ಟಿ ಹುಡುಗ’ ಎಂದು ಹೊಗಳಿದರು. ಅವನು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ.

ಮಾಮೂಲು ಬಣ್ಣ ಹಾಕಿ ನೋಡಿದಾಗ ಚರ್ಮದೊಳಗೆ ಜೀವಕೋಶಗಳು ಅಲ್ಲಲ್ಲಿ ಹುತ್ತದ ಹಾಗೆ ಗುಡ್ಡೆ ಕಟ್ಟಿಕೊಂಡಿದ್ದವು. ಮೈಯೊಳಗೆ ಏನಾದರೂ ಹೊಕ್ಕರೆ ಅದನ್ನು ಸುತ್ತುಗಟ್ಟುವುದು ಆ ಕೋಶಗಳ ಕೆಲಸ. ಏನು ಹೊಕ್ಕಿದೆ ಎಂಬುದೇ ಪ್ರಶ್ನೆ. ಮೇಡಂ ಆಯೋಳನ್ನು ಕೂರಿಸಿಕೊಂಡು ಕೇಳಿದರು: “ಸುಡೋಕೆ ಏನು ಬಳಸಿದ್ರಿ?” ಆಯೋ ಹೇಳಿದಳು, ಹಳೇ ಧೋತಿಯ ಚೂರು ಹೊಸೆದ ಬತ್ತಿ. “ಹಾಗಿದ್ರೆ ಬೂದಿನೋ ನೂಲೋ ಒಳಗೆ ಉಳಿದಿದ್ರೂ ಹೀಗೇ ಗುಡ್ಡೆ ಆಗುತ್ತೆ. ಎರಡೂ ನೋಡೋಕೆ ಒಂದೇ ಥರ. ಇನ್ನೊಂದು ಪರೀಕ್ಷೆ ಆಗೋವರೆಗೂ ನಾನು ಏನೂ ಹೇಳಲ್ಲ.” ಬಾಬಾ, ಆ ದಿನ ನಾನು ಗುಡಿಸುವಾಗ, ಊಟ ಮಾಡುವಾಗ, ಸ್ನಾನ ಮಾಡುವಾಗ ‘ನೂಲಿರಲಿ, ನೂಲಿರಲಿ’ ಎಂದೇ ಅಂದುಕೊಳ್ಳುತ್ತಿದ್ದೆ. ನಿಮ್ಮ ಹಳೇ ಧೋತಿಯ ನೂಲು.

ಆ ಇನ್ನೊಂದು ಪರೀಕ್ಷೆಯನ್ನು ನಿಮಗೆ ಹೇಗೆ ಹೇಳುವುದೆಂದು ಯೋಚಿಸಿದೆ. ನೀವು ಬೇಟೆಗೆ ಹೋಗುವಾಗ ನಾಯಿಗೆ ವಾಸನೆ ತೋರಿಸಿ ಬಿಡುತ್ತೀರಲ್ಲ, ಹಾಗೆ. ಅಶೀಮ್ ದಾಗೂ ಇದನ್ನೇ ಹೇಳಿದ್ದೆ. ರೋಗ ಬಂದಾಗ ನಮ್ಮ ರಕ್ತದಲ್ಲಿ ಅದನ್ನೇ ಹುಡುಕಿ ಹಿಡಿದುಕೊಳ್ಳುವ ಕಣಗಳು ಹುಟ್ಟುತ್ತವೆ. ಅಂಥ ಕಣಗಳನ್ನು ನಮಗೆ ಬೇಕಾದ್ದನ್ನು ಮಾತ್ರ ಹುಡುಕುವ ಹಾಗೆ ಪ್ರಾಣಿಗಳಲ್ಲಿ ಬೆಳೆಸಿ, ಸಣ್ಣ ಶೀಷೆಯಲ್ಲಿ ತುಂಬಿ ಮಾರುತ್ತಾರೆ. ನಮಗೆ ಬೇಕಾದದ್ದು ನರವನ್ನು ಹುಡುಕುವ ಕಣ. ಅದನ್ನು ಚರ್ಮದ ತುಂಡಿನ ಮೇಲೆ ಬಿಟ್ಟರೆ ನರ ಎಲ್ಲಿದೆಯೋ ಅಲ್ಲಿಗೇ ಹೋಗಿ ಅಂಟಿಕೊಳ್ಳುತ್ತದೆ, ಆಮೇಲೆ ಬಣ್ಣ ಹಾಕಿದರೆ ಆ ಜಾಗ ಮಾತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಕಣ ಬರುವುದು ಮೊಲದ ರಕ್ತದಿಂದ. ನಿಮಗೆ ನಗು ಬರುತ್ತದೆ ಎಂದು ಗೊತ್ತು, ಇಲ್ಲಿ ನಾಯಿಯ ಕೆಲಸವನ್ನು ಮೊಲ ಮಾಡುತ್ತದೆ. ಯಾಕೆ ನರವನ್ನೇ ಹುಡುಕುವುದೆಂದರೆ, ಮೇಡಂಗೆ ಅನುಮಾನವಿದ್ದ ರೋಗಾಣು ಬಂದು ಸೇರುವುದು ನರದಲ್ಲೇ. ಅದನ್ನು ಕೊಲ್ಲಲು ಹೋದ ಕೋಶಗಳು ನರವನ್ನೂ ಸೇರಿಸಿ ತಿಂದುಹಾಕುತ್ತವೆ. ಗುಡ್ಡೆಯೊಳಗೆ ನರದ ಚೂರುಗಳು ಸಿಕ್ಕರೆ ಅದು ಆ ರೋಗವೇ. ನೂಲಿನಿಂದಾದ ಗುಡ್ಡೆ ನರವನ್ನು ಹಾಗೆ ತಿನ್ನುವುದಿಲ್ಲ.

ಮೊದಲ ಸಲ ಮಾಡಿದಾಗ ನಾನು ಅಲ್ಲೇ ಇದ್ದೆ. ಸ್ಲೈಡುಗಳನ್ನು ಮೊದಲು ಪ್ರೆಷರ್ ಕುಕ್ಕರಿನಲ್ಲಿ ಬೇಯಿಸುತ್ತಾರೆ, ಅಡುಗೆಮನೆಯ ಕುಕ್ಕರೇ. ಕುಕ್ಕರ್ ಕಾಯುವ ಕೆಲಸ ನನ್ನದು. ಕೊನೆಗೆ ಜಿತ್ರಾಯನ ಸ್ಲೈಡ್ ಹೊರಗೆ ಬಂದಾಗ ಅದರಲ್ಲಿ ಕಂದು ಬಣ್ಣದ ಒಂದು ಚುಕ್ಕೆಯೂ ಇರಲಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಶೀಮ್ ದಾ ಪಕ್ಕದ ಇನ್ನೊಂದು ಸ್ಲೈಡ್ ತೋರಿಸಿದರು. ನರ ಇದ್ದೇ ಇದೆ ಎಂದು ಮೊದಲೇ ಗೊತ್ತಿರುವ ತುಂಡನ್ನು ಯಾವಾಗಲೂ ಜೊತೆಗಿಟ್ಟು ಬೇಯಿಸುತ್ತಾರೆ. ಅದೂ ಬೆಳ್ಳಗಿತ್ತು. “ನಾಯಿ ಬೊಗಳಲಿಲ್ಲ ಅಂತ ಖುಷಿ ಪಡ್ತಿದ್ದೀಯಲ್ಲ, ಬಾಸ್ಕೆ. ನಾಯಿನೇ ಸತ್ತಿದೆ.” ಮಳೆಗೆ ಕರೆಂಟು ಹೋಗಿ ಫ್ರಿಜ್ ಆರಿ ಶೀಷೆಯ ಮದ್ದು ಕೆಟ್ಟುಹೋಗಿತ್ತು. ಹೊಸದು ಕಲ್ಕತ್ತೆಯಿಂದ ಬರಬೇಕಿತ್ತು. ಅದು ಬರುವವರೆಗೆ ಆಯೋ ಅವನನ್ನು ಊರಿಗೆ ಕರೆದುಕೊಂಡು ಹೋದಳು. ನಾನು ದಿನವೂ ಪಾರ್ಸೆಲ್ ಬಂತೇ ಎಂದು ಗೇಟಿನವರನ್ನು ಕೇಳುತ್ತಿದ್ದೆ. ಅವರು, “ಯಾರಮ್ಮ ಅವನು, ಅಷ್ಟೊಂದು ಪಾರ್ಸೆಲ್ ಕಳಿಸೋನು” ಎಂದು ಚುಡಾಯಿಸುತ್ತಿದ್ದರು.

ಮದ್ದು ಬಂದ ದಿನ ಮೇಡಂ ನನ್ನನ್ನು ಲ್ಯಾಬಿನಿಂದ ಹೊರಗೆ ಕೂರಿಸಿದರು. “ನಿನ್ನ ತಮ್ಮಂದು ಅಂತ ಗೊತ್ತು. ನಿನ್ನ ಕೈ ಅದರ ಹತ್ರ ಬೇಡ.” ಸರಿಯಾದ ಮಾತೇ. ಕುಕ್ಕರಿನ ಸದ್ದು ಬಾಗಿಲಾಚೆಯಿಂದ ಕೇಳುತ್ತಿತ್ತು. ನಾನು ಬೆಂಚಿನ ಮೇಲೆ ಕೂತು ಇಂಗ್ಲಿಷಿನಲ್ಲಿ ಪ್ರಾರ್ಥನೆ ಮಾಡಿದೆ, ಅರ್ಧಕ್ಕೆ ಮರೆತುಹೋಯಿತು. ಮಧ್ಯಾಹ್ನದ ಮೇಲೆ ಮೇಡಂ ಕರೆದರು. ಇಬ್ಬರು ಒಟ್ಟಿಗೆ ನೋಡುವ ಮೈಕ್ರೋಸ್ಕೋಪು ಇದೆ, ಎದುರುಬದುರು ಕೂತೆವು. ಮೊದಲು ಗೊತ್ತಿರುವ ತುಂಡು ತೋರಿಸಿದರು, ಕಂದಾಗಿತ್ತು, ನಾಯಿ ಬದುಕಿತ್ತು. ಆಮೇಲೆ ಜಿತ್ರಾಯನದು. ಅಂಚಿನಲ್ಲಿ ಒಂದು ನರ ಪೂರ್ತಿ ಇತ್ತು. ನೀವು ಅಂಗಳದಲ್ಲಿ ಕೂತು ಬಾಬೂಯಿ ಹುಲ್ಲಿನ ಹಗ್ಗ ಹೊಸೆಯುತ್ತೀರಲ್ಲ, ಥೇಟ್ ಹಾಗೇ, ಎಳೆ ಎಳೆಯಾಗಿ ಹುರಿಗೊಂಡದ್ದು. ಚೆನ್ನಾಗಿತ್ತು, ಬಾಬಾ. ನನ್ನ ತಮ್ಮನ ಮೈಯೊಳಗೆ ಇಷ್ಟು ಚೆಂದದ್ದು ಇದೆಯೇ ಅನ್ನಿಸಿತು. ಮೇಡಂ ನಿಧಾನವಾಗಿ ಒಳಗೆ ಸರಿಸಿದರು. ಗುಡ್ಡೆಯ ನಡುವೆ ಅದೇ ಹಗ್ಗದ ಚೂರುಗಳು, ಗೆದ್ದಲು ತಿಂದು ಬಿಟ್ಟ ಹಾಗೆ, ಇಲ್ಲೊಂದು ಎಳೆ, ಅಲ್ಲೊಂದು ತುಣುಕು. ಇನ್ನೊಂದು ಗುಡ್ಡೆಯಲ್ಲೂ ಹಾಗೇ. ನನಗೇ ಕಾಣುತ್ತಿತ್ತು. ನಮ್ಮೂರಲ್ಲಿ ದೊಡ್ಡ ರೋಗ ಅನ್ನುತ್ತಾರಲ್ಲ, ಅದೇ. ಕುಷ್ಠ.

ಹೆದರಬೇಡಿ ಎಂದು ಬರೆಯಬೇಕು. ಈಗ ಅದಕ್ಕೆ ಮದ್ದಿದೆ, ದುಡ್ಡಿಲ್ಲದೆ ಕೊಡುತ್ತಾರೆ, ಆರು ತಿಂಗಳು ನುಂಗಿದರೆ ರೋಗ ಸಾಯುತ್ತದೆ. ಯಾರೂ ಅವನನ್ನು ಬೇರೆ ಇಡಬೇಕಾಗಿಲ್ಲ, ಬೇರೆ ತಟ್ಟೆ ಬೇಕಾಗಿಲ್ಲ. ಇದನ್ನು ಆಯೋಗೆ ಬಿಡಿಸಿ ಬಿಡಿಸಿ ಹೇಳಿದ್ದೇನೆ. ಮತ್ತೆ ಇದನ್ನು ಎರಡು ಸಲ ಓದಿ, ಬಾಬಾ: ರೋಗ ಬಂದದ್ದು ನೀವು ಸುಟ್ಟಿದ್ದರಿಂದಲ್ಲ. ಅದು ಮೊದಲೇ ಅಲ್ಲಿತ್ತು. ಸಿಕಾ ಬೀಳುವ ಜಾಗ ಎಡ ಮುಂಗೈ, ನೀವು ಎಲ್ಲರ ಹಾಗೆ ಅಲ್ಲೇ ಹಾಕಿದಿರಿ. ಮೇಡಂ ಕೂಡ ಹೀಗೇ ಹೇಳಿದರು. ಸುಟ್ಟ ಕಲೆ ಇಲ್ಲದಿದ್ದರೆ ಸ್ವಲ್ಪ ಮುಂಚೆ ಗೊತ್ತಾಗುತ್ತಿತ್ತು, ಅಷ್ಟೇ. ಅಷ್ಟೇ ಎಂದು ಬರೆದಿದ್ದೇನೆ, ಅದು ಎಷ್ಟು ಎಂದು ನನಗೂ ಗೊತ್ತಿಲ್ಲ.

ಸಿಕಾ ಹಾಕಿದ ದಿನ ನಾನೂ ಹಬ್ಬಕ್ಕೆ ಬಂದಿದ್ದೆನಲ್ಲ. ದನದ ಕೊಟ್ಟಿಗೆಯ ಮುಂದೆ ಹುಡುಗರ ಸಾಲು. ನೀವು ಬತ್ತಿ ಊದಿ ಕೆಂಪಗೆ ಮಾಡುತ್ತಿದ್ದಿರಿ, ಮಂಗಲ್ ಕಾಕಾ ಹುಡುಗರನ್ನು ಹೆದರಿಸುತ್ತಿದ್ದರು: “ಸಿಕಾ ಇಲ್ದೆ ಸತ್ರೆ ಆ ಲೋಕದಲ್ಲಿ ಮರದ ದಿಮ್ಮಿಯಷ್ಟು ದಪ್ಪ ಹುಳ ಕೊಡ್ತಾರೆ, ಮಗು ಥರ ಎತ್ಕೊಂಡು ಓಡಾಡು ಅಂತಾರೆ. ಎತ್ಕೋತೀರಾ?” ಅವರ ಮಗ ಬತ್ತಿ ತಾಗುವ ಮೊದಲೇ ಕಿರುಚಿದ, “ಇವನಿಗೆ ಹುಳ ಎತ್ತೋ ನೌಕರಿ ಗ್ಯಾರಂಟಿ” ಎಂದು ಎಲ್ಲರೂ ನಕ್ಕರು. ಆಮೇಲೆ ಜಿತ್ರಾಯ್ ಕೈ ಚಾಚಿದ. ಬತ್ತಿ ಉರಿದು ಬೂದಿಯಾಗುವವರೆಗೂ ಅವನ ರೆಪ್ಪೆ ಅಲುಗಲಿಲ್ಲ. ಅವನು ತನ್ನ ಕೈಯನ್ನೇ ನೋಡುತ್ತಿದ್ದ, ಬೇರೆ ಯಾರದೋ ಕೈ ನೋಡುವ ಹಾಗೆ. ನೀವು ಇನ್ನೊಂದು ಹಾಕಿದಿರಿ, ಮತ್ತೊಂದು ಹಾಕಿದಿರಿ. ಆಗ ನೀವು ಅವನನ್ನು ಹೆಗಲ ಮೇಲೆ ಎತ್ತಿಕೊಂಡು, “ಇದು ನನ್ನ ಕಲ್ಲು ಕಣ್ರೋ, ನೋಡಿಕೊಳ್ಳಿ” ಎಂದು ಅಂಗಳ ಸುತ್ತಿದಿರಿ. ನಿಮ್ಮ ಕಣ್ಣಲ್ಲಿ ನೀರಿತ್ತು. ಊರೆಲ್ಲ ಈಗ ಅವನನ್ನು ಕಲ್ಲು ಎಂದೇ ಕರೆಯುತ್ತದೆ. ಮೇಷ್ಟರು ಹಾಜರಿ ಕೂಗಿದರೆ ಮಾತ್ರ ಅವನಿಗೆ ತನ್ನ ಹೆಸರು ನೆನಪಾಗುವುದು. ಮೈಕ್ರೋಸ್ಕೋಪಿನ ಮುಂದೆ ಕೂತಾಗ ನನಗೆ ಇದೇ ಕಣ್ಣಿಗೆ ಕಟ್ಟಿತು. ಅದು ಧೈರ್ಯವೆಂದು ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಲ್ಲಿ ನರವೇ ಉಳಿದಿರಲಿಲ್ಲ.

ಆಯೋ ಅವನನ್ನು ಮತ್ತೆ ಕರೆತಂದಾಗ ಮೇಡಂ ಅವನಿಗೇ ನೇರವಾಗಿ ಹೇಳಿದರು, ದೊಡ್ಡವರಿಗೆ ಹೇಳುವ ಹಾಗೆ. ಮೊದಲ ಮಾತ್ರೆಗಳನ್ನು ನರ್ಸಿನ ಮುಂದೆಯೇ ನುಂಗಿದ. ಉಚ್ಚೆ ಕೆಂಪಗೆ ಹೋಗುತ್ತದೆ, ಹೆದರಬೇಡ ಎಂದಿದ್ದರು. ಹೋಯಿತು. ಓಡಿಬಂದು, “ದಾಯ್, ಮುತ್ತುಗದ ಹೂ ಬಣ್ಣ. ಊರಲ್ಲಿ ಎಲ್ಲರಿಗೂ ತೋರಿಸ್ತೀನಿ” ಎಂದ. ಆಮೇಲೆ ಊರಿನ ಬಸ್ಸಿಗೆ ಕಾಯುತ್ತ ನಿಂತಾಗ ಕಡಲೆ ಕೊಡಿಸಿದೆ, ತಿನ್ನಲಿಲ್ಲ. ಕೊನೆಗೆ ಕೇಳಿದ: “ಹಾಗಾದ್ರೆ ಅವತ್ತು ನಂಗೆ ನೋವಾಗ್ಬೇಕಿತ್ತಾ?” ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳಿಗೆಲ್ಲ ಉತ್ತರ ಬಾಯಿಪಾಠ ಮಾಡಿದ್ದೇನೆ. ಬಸ್ಸು ಬಂತು, ಹತ್ತಿಸಿದೆ.

ಆಯೋ ಮೊನ್ನೆ ಪಕ್ಕದ ಮನೆಯ ಫೋನಿನಿಂದ ಮಾತಾಡಿದಳು. ಅವನು ಮಾತ್ರೆ ನುಂಗುತ್ತಿಲ್ಲ. ಮೊದಲ ಕೆಲವು ದಿನ ನುಂಗಿದನಂತೆ, ಈಗ ಬಾಯಿಯಲ್ಲಿ ಇಟ್ಟುಕೊಂಡು ಹೊರಗೆ ಹೋಗಿ ಉಗಿಯುತ್ತಾನೆ. ಮೇಡಂ ಅವನಿಗೆ ಧೈರ್ಯ ತುಂಬಲೆಂದು, “ಸರಿಯಾಗಿ ತಗೊಂಡ್ರೆ ನಿನ್ನ ಕೈಗೆ ಸ್ಪರ್ಶ ಸ್ವಲ್ಪ ವಾಪಸ್ ಬರಬಹುದು, ಬಿಸಿ ತಣ್ಣಗೆ ಎಲ್ಲ ಗೊತ್ತಾಗಬಹುದು” ಎಂದಿದ್ದರು. ಅದನ್ನೇ ಹಿಡಿದುಕೊಂಡಿದ್ದಾನೆ. “ನೋವು ವಾಪಸ್ ಬಂದ್ರೆ ನಾನು ಹೇಗೆ ಕಲ್ಲು ಆಗ್ತೀನಿ? ಬಾಬಾ ಬಂದು ಇನ್ನೊಂದ್ಸಲ ಬತ್ತಿ ಇಟ್ರೆ?” ಎಂದನಂತೆ. ಆಯೋ ಅನ್ನದಲ್ಲಿ ಕಲಸಿ ನೋಡಿದಳು, ಕಹಿಗೆ ಕಂಡುಹಿಡಿದ. ಹೊಡೆದಳು. ಅದನ್ನೂ ಅವನು ಸುಮ್ಮನೆ ನಿಂತು ಹೊಡೆಸಿಕೊಂಡ. ದನ ಮೇಯಿಸುವ ಹುಡುಗರು ಕೆಂಡ ತರುತ್ತಾರಂತೆ, ಅವನು ಎಡಗೈ ಚಾಚುತ್ತಾನಂತೆ. ಈಗ ಮುಂಗೈಯಲ್ಲಿ ಹೊಸ ಗಾಯವಿದೆ, ಕೀವಾಗಿದೆ, ಅವನಿಗೆ ಗೊತ್ತೇ ಇಲ್ಲ, ಅದೇ ಕೈಯಲ್ಲಿ ಕೋಲು ಹಿಡಿದು ಓಡಾಡುತ್ತಾನೆ.

ನಾನು ರಜೆ ಕೇಳಿದೆ. ಪರೀಕ್ಷೆ ಮುಗಿಯುವವರೆಗೆ ಬಿಡುವುದಿಲ್ಲ ಎಂದರು. ಊರಿನ ನರ್ಸಿಗೆ ಮೇಡಂ ಫೋನು ಮಾಡಿದ್ದಾರೆ, ಅವರು ಮನೆಗೆ ಹೋದರೆ ಇವನು ಗದ್ದೆಗೆ ಓಡುತ್ತಾನೆ. ನಾನೂ ಪಕ್ಕದ ಮನೆಯ ಫೋನಿಗೆ ಮಾಡಿ ಅವನನ್ನು ಕರೆಸಿದೆ. ನರ, ಗುಡ್ಡೆ, ಕಂದು ಬಣ್ಣ ಎಲ್ಲ ಹೇಳಿದೆ. ಬೆರಳು ಮಡಚಿಹೋಗುತ್ತದೆ ಎಂದು ಹೆದರಿಸಿದೆ. ಅವನು ಎಲ್ಲವನ್ನೂ ಕೇಳಿ, “ದಾಯ್, ನೀನು ಅವತ್ತು ನೋಡಿದ್ದೆ ತಾನೇ? ನಾನು ಅಳಲಿಲ್ಲ ತಾನೇ?” ಎಂದ. ಇಲ್ಲ ಎಂದೆ. “ಮತ್ತೆ?” ಎಂದು ಫೋನು ಕೊಟ್ಟುಬಿಟ್ಟ.

ಅವನ ಸ್ಲೈಡ್ ಈಗ ಲ್ಯಾಬಿನ ಕಪಾಟಿನಲ್ಲಿದೆ. ಅದನ್ನು ಇನ್ನು ಮುಂದೆ ಹೊಸಬರಿಗೆ ಕಲಿಸಲು ಇಡುತ್ತಾರಂತೆ, ಅಷ್ಟು ಸ್ಪಷ್ಟವಾಗಿ ಬಣ್ಣ ಬಂದಿದೆ. ಅಶೀಮ್ ದಾ ಇದನ್ನು ನನಗೆ ಒಳ್ಳೆಯ ಸುದ್ದಿಯ ಹಾಗೆ ಹೇಳಹೊರಟು ಅರ್ಧಕ್ಕೆ ನಿಲ್ಲಿಸಿದರು. ನಾನು ನಿತ್ಯ ಆ ಕಪಾಟಿನ ಮುಂದೆ ಓಡಾಡುತ್ತೇನೆ. ಅವನ ಕೈಯೊಳಗೆ ಏನಿದೆ, ಏನು ಹೋಗಿದೆ ಎಂದು ಅವನಿಗಿಂತ, ಆಯೋಗಿಂತ ನನಗೆ ಚೆನ್ನಾಗಿ ಗೊತ್ತು. ಒಂದು ಮಾತ್ರೆ ನುಂಗಿಸಲು ನನ್ನ ಕೈಯಲ್ಲಿ ಆಗುತ್ತಿಲ್ಲ.

ನೀವು ಚಿಂತೆ ಮಾಡಬೇಡಿ. ಅಷ್ಟು ದೂರದಿಂದ ನೀವು ಏನು ಮಾಡಲು ಸಾಧ್ಯ? ಹಿಮ ಬೀಳುವವರೆಗೆ ಗುತ್ತಿಗೆದಾರ ಬಿಡುವುದಿಲ್ಲ ಎಂದೂ ಗೊತ್ತು. ತಿಳಿದಿರಲಿ ಎಂದು ಬರೆದೆ, ಅಷ್ಟೇ. ನಿಮ್ಮ ಆರೋಗ್ಯ ನೋಡಿಕೊಳ್ಳಿ. ಬಂಡೆ ಸಿಡಿಸುವ ಕಡೆ ನಿಲ್ಲಬೇಡಿ. ಆಯೋ ಕೊಟ್ಟ ಮಂಡಕ್ಕಿಯನ್ನೂ ಒಣಮೀನನ್ನೂ ಇದರ ಜೊತೆ ಕಳಿಸುತ್ತಿದ್ದೇನೆ, ಮೀನನ್ನು ಹಂಚದೆ ನೀವೂ ಸ್ವಲ್ಪ ತಿನ್ನಿ. ಡೇರೆಯಲ್ಲಿರುವ ನಮ್ಮೂರಿನ ಎಲ್ಲರಿಗೂ ನನ್ನ ಜೋಹಾರ್ ತಿಳಿಸಿ. ನಿಮ್ಮ ಕಾಲು ಮುಟ್ಟಿ,

ನಿಮ್ಮ ಮಗಳು,
ಪಾನ್‌ಮುನಿ

ಮರೆತ ಮಾತು: ಮಂಗಲ್ ಕಾಕಾ ಗೇಟಿನಲ್ಲಿ ನಿಂತು, ಜಸಿಡೀಹ್‌ನಲ್ಲಿ ರೈಲು ತಪ್ಪುತ್ತದೆ ಎಂದು ಕೂಗುತ್ತಿದ್ದಾರೆ. ಅದಕ್ಕೇ ಅಕ್ಷರ ಓಡಿದೆ, ಕ್ಷಮಿಸಿ. ನೀವು ಏನೂ ಮಾಡಲು ಸಾಧ್ಯವಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು, ಬಾಬಾ. ಅವನು ಕೇಳುವುದು ನಿಮ್ಮ ಮಾತೊಂದನ್ನೇ. ಪೇಟೆಗೆ ಇಳಿದ ತಕ್ಷಣ ಪಕ್ಕದ ಮನೆಗೆ ಫೋನು ಮಾಡಿ ಅವನನ್ನು ಕರೆಸಿ. ಬೈಯಬೇಡಿ, ಮಾತ್ರೆಯ ಮಾತು ಮೊದಲು ಎತ್ತಬೇಡಿ. ನಿಮ್ಮ ಕೈಗೆ ಸಿಕಾ ಹಾಕಿದ ದಿನ ನೀವು ಅತ್ತಿರಿ ಎಂದು ಹೇಳಿ. ಜೋರಾಗಿ ಅತ್ತುಬಿಟ್ಟೆ, ಅಜ್ಜಿ ಬಂದು ಎತ್ತಿಕೊಳ್ಳಬೇಕಾಯಿತು ಎಂದು ಹೇಳಿ. ಅತ್ತಿರದಿದ್ದರೂ ಹೇಳಿ. ಅಜ್ಜಿ ಈಗಿಲ್ಲ, ಆ ದಿನ ನೋಡಿದವರು ಇನ್ಯಾರೂ ಊರಲ್ಲಿ ಉಳಿದಿಲ್ಲ, ಅವನು ನಂಬುತ್ತಾನೆ.